ನಿಶ್ಚಿಂತಪುರದ ಕಣಜದ ಗುಟ್ಟು

ಬಹಳ ಹಿಂದೆ, ನಿಶ್ಚಿಂತಪುರವೆಂಬ ರಾಜ್ಯದಲ್ಲಿ, ಒಬ್ಬ ಅಪರಿಚಿತ ಹಾಡಹಗಲೇ ಬಂದು ಕಣಜದ ಬಿತ್ತನೆ ರಾಗಿಯನ್ನೆಲ್ಲ ನಲವತ್ತು ಗಾಡಿಗಳಲ್ಲಿ ಹೇರಿಕೊಂಡು ಹೋದ. ಬಾಗಿಲು ಕಾಯುತ್ತಿದ್ದ ಜವರಯ್ಯನನ್ನು ಸೆರೆಗೆ ಹಾಕಿದರು.

ವಾಚಕ ಮಹಾಶಯರು ಅವಸರ ಮಾಡಬಾರದು. ಇದು ಹೇಗಾಯಿತೆಂದು ತಿಳಿಯಲು ಮಹಾರಾಜರ ಬಿರುದುಗಳ ಬಳಿಗೆ ಹೋಗಬೇಕು. ಶ್ರೀಮನ್ಮಹಾರಾಜಾಧಿರಾಜ ಅಭೇದ್ಯವರ್ಮ ಪ್ರಭುಗಳಿಗೆ ಅರವತ್ತನಾಲ್ಕು ಬಿರುದುಗಳಿದ್ದವು. ಅವುಗಳಲ್ಲಿ ಅವರಿಗೆ ಅತಿ ಪ್ರಿಯವಾದದ್ದು ‘ದಿಗಂತಕವಾಟಭೈರವ’ ಎಂಬುದು. ಅದರ ಅರ್ಥ ಅವರಿಗೂ ತಿಳಿದಿರಲಿಲ್ಲ. ಆದರೆ ಉಚ್ಚರಿಸಿದಾಗ ಎದುರಿಗಿದ್ದವನ ಮುಖಕ್ಕೆ ಉಗುಳು ಸಿಡಿಯುತ್ತಿತ್ತಾದ್ದರಿಂದ ಅದರಲ್ಲೊಂದು ಪೌರುಷವಿದೆಯೆಂದು ಆಸ್ಥಾನ ಒಪ್ಪಿಕೊಂಡಿತ್ತು.

ಆ ರಾಜ್ಯದಲ್ಲಿ ಕಣಜ, ಬೊಕ್ಕಸ, ಆಯುಧಶಾಲೆ ಎಲ್ಲದರ ಬಾಗಿಲೂ ತೆರೆಯುತ್ತಿದ್ದದ್ದು ಒಂದೇ ಗುಟ್ಟಿನ ಮಾತಿಗೆ. ಈಗಿನವರು ಪಾಸ್‌ವರ್ಡ್ ಎನ್ನುತ್ತಾರಲ್ಲ, ಅದೇ. ಆ ಮಾತನ್ನು ಆರಿಸಲು ಸಭೆ ಸೇರಿದ ದಿನ ಭದ್ರತಾಮಾತ್ಯ ಕವಚಾನಂದರು ಎದ್ದು ಕೈಮುಗಿದರು.

“ಪ್ರಭೂ, ಎಂಟು ಅಕ್ಷರಕ್ಕೆ ಕಡಿಮೆ ಇರಬಾರದು. ಯಾರ ಊಹೆಗೂ ನಿಲುಕಬಾರದು.”

“ಊಹೆಗೆ ನಿಲುಕದ್ದು ಯಾವುದಿದೆಯಯ್ಯ?”

“ಪ್ರಭುಗಳ ಮಹಿಮೆಯೊಂದೇ.”

ಸಭೆ ಕರತಾಡನ ಮಾಡಿತು. ‘ದಿಗಂತಕವಾಟಭೈರವ’ ಎಂಬುದೇ ಗುಟ್ಟಿನ ಮಾತಾಯಿತು. ಒಂಬತ್ತು ಅಕ್ಷರ, ನಿಯಮಕ್ಕಿಂತ ಒಂದು ಹೆಚ್ಚೇ. ಇನ್ನು ಹೊಗಳುಭಟರೆಂಬುವರು ಬೆಳಗ್ಗೆಯೊಮ್ಮೆ ಸಂಜೆಯೊಮ್ಮೆ ರಾಜಬೀದಿಯಲ್ಲಿ ನಿಂತು ಅರವತ್ತನಾಲ್ಕು ಬಿರುದುಗಳನ್ನೂ ಕೂಗುವುದು ಹಿಂದಿನಿಂದ ಬಂದ ಪದ್ಧತಿ. ಹೀಗೆ ರಾಜ್ಯದ ಪರಮ ರಹಸ್ಯವನ್ನು ದಿನಕ್ಕೆರಡು ಹೊತ್ತು ಕಹಳೆ ಊದಿ ಸಾರಲಾಗುತ್ತಿತ್ತು. ಮಕ್ಕಳು ಕುಂಟೆಬಿಲ್ಲೆ ಆಡುವಾಗ ಅದನ್ನೇ ಹೇಳಿಕೊಂಡು ಕುಂಟುತ್ತಿದ್ದವು. ಒಬ್ಬ ಕರಣಿಕ ಮಾತ್ರ ಮೆಲ್ಲಗೆ, “ಆ ಮಾತನ್ನು ಬದಲಿಸಿದರೆ ಒಳ್ಳೆಯದೇನೋ” ಎಂದ. “ಹಾಗಾದರೆ ಪ್ರಭುಗಳ ಬಿರುದು ಹಳೆಯದಾಯಿತು ಎನ್ನುತ್ತೀಯಾ?” ಎಂದು ಕವಚಾನಂದರು ಕೇಳಿದರು. ಅವನನ್ನು ಗಡಿಯ ಬೇಲಿಯಲ್ಲಿ ಮುಳ್ಳುಗಳನ್ನು ಎಣಿಸುವ ಹುದ್ದೆಗೆ ವರ್ಗ ಮಾಡಿದರು.

ನಿಶ್ಚಿಂತಪುರದಲ್ಲಿ ಭದ್ರತೆಯ ಶಿಕ್ಷಣವೇ ಇರಲಿಲ್ಲವೆಂದು ಯಾರೂ ದೂರಬಾರದು. ಬೀಗವಿದ್ಯಾ ಸಾಮರ್ಥ್ಯಾಭಿವೃದ್ಧಿ ಕಾರ್ಯಾಗಾರವು ವರ್ಷಕ್ಕೊಮ್ಮೆ ತಂಪಾದ ಬೆಟ್ಟವೊಂದರ ಮೇಲೆ ಮೂರು ದಿನ ನಡೆಯುತ್ತಿತ್ತು. ಹೋಳಿಗೆ ಊಟ, ವೀಣಾವಾದನ, ಕೊನೆಗೆ ಜರತಾರಿ ಅಂಚಿನ ಪ್ರಮಾಣಪತ್ರ. ಅರ್ಹತೆಯನ್ನು ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಬರೆದಿದ್ದರು: ‘ಸ್ವಹಸ್ತದಿಂದ ಬಾಗಿಲು ತೆರೆಯುವ ಅಗತ್ಯವಿಲ್ಲದ ದರ್ಜೆಯವರಿಗೆ ಮಾತ್ರ’. ಬಾಗಿಲು ತೆರೆಯುವವರು, ಕಸ ಗುಡಿಸುವವರು, ಬಟ್ಟೆ ಒಗೆಯುವವರು, ಓಲೆ ಹೊರುವವರು ಆ ವಿದ್ಯೆ ಕಲಿತರೆ ಅಪರಾಧ. ಬೀಗದ ಮರ್ಮ ಇಂಥ ಕೈಗಳಿಗೆ ಸಿಕ್ಕರೆ ಕಳ್ಳತನ ಹೆಚ್ಚೀತೆಂದು ಕವಚಾನಂದರ ಸಿದ್ಧಾಂತ. ಬಾಗಿಲು ಕಾಯುವವನಿಗೆ ಇದ್ದ ನಿಯಮ ಒಂದೇ: ಗುಟ್ಟಿನ ಮಾತು ಹೇಳಿದವನನ್ನು ಏನೂ ಕೇಳದೆ ಒಳಗೆ ಬಿಡತಕ್ಕದ್ದು. ಕೇಳಿದರೆ ಮಾತಿಗೆ ಅವಮಾನ, ಮಾತಿಗೆ ಅವಮಾನವಾದರೆ ಬಿರುದಿಗೆ ಅವಮಾನ. ಮುಂದಿನದು ಶೂಲ.

ಜವರಯ್ಯ ನಿಯಮವನ್ನು ಪಾಲಿಸಿದ. ಅದಕ್ಕೇ ಸೆರೆ.

ಅವನ ಹೆಂಡತಿ ಮಂಚಮ್ಮನಿಗೆ ಅನುಕಂಪದ ಆಧಾರದ ಮೇಲೆ ಗಂಡನ ಕೆಲಸವನ್ನೇ ಕೊಟ್ಟರು. ಅನುಕಂಪ ಯಾರಿಗೆ ಹುಟ್ಟಿತೋ ತಿಳಿಯದು. ಖಾಲಿ ಕಣಜದ ಮುಂದೆ ನಿಲ್ಲಲು ಬೇರೆ ಯಾರೂ ಒಪ್ಪಿರಲಿಲ್ಲ ಎಂಬುದಂತೂ ನಿಜ. ಕೆಲಸಕ್ಕೆ ಸೇರುವ ಮುನ್ನ ಅವಳು ಸೆರೆಮನೆಯ ಕಿಂಡಿಯ ಬಳಿ ಹೋಗಿ ನಿಂತಳು.

“ಅವ್ನು ತಂದಿದ್ ಪತ್ರದ ಮೇಲಿನ ಮುದ್ರೆ ತಲೆಕೆಳಗಿತ್ತು ಕಣಮ್ಮಿ,” ಎಂದ ಜವರಯ್ಯ. “ಅರಮನೆ ಆನೆ ಕಾಲು ಮೇಲ್ಮಾಡ್ಕೊಂಡು ಬಿದ್ದಿತ್ತು.”

“ಕಂಡ್ರಲ್ಲ, ಕೇಳ್ಬಾರ್ದಾಗಿತ್ತಾ?”

“ಕೇಳೋಕೆ ಬಾಯಿ ತಗುದ್ರೆ, ‘ಹೊತ್ತು ಮುಳುಗೋದ್ರೊಳ್ಗೆ ತಪಾಸಣೆ ಆಗ್ದಿದ್ರೆ ಕಣಜದ ಪರವಾನಗಿ ರದ್ದು, ನಿನ್ ತಲೆನೂ ರದ್ದು, ಬೇಗ ಬೇಗ’ ಅಂದ. ಮಾತೂ ಹೇಳ್ದ. ಮಾತು ಹೇಳಿದ್ಮೇಲೆ ನಾನೇನ್ ಮಾಡ್ಲಿ?”

“ನಮ್ಗೂ ಯಾರಾರ ಒಸಿ ಹೇಳ್ಕೊಟ್ಟಿದ್ರೆ...”

“ಹೇಳ್ಕೊಡೋರು ಹೋಳಿಗೆ ತಿನ್ನೋಕೆ ಬೆಟ್ಟ ಹತ್ತಿದ್ರು ಬುಡು.”

ಮಂಚಮ್ಮ ಹಿಂದಿರುಗುವ ದಾರಿಯುದ್ದಕ್ಕೂ ಯೋಚಿಸಿದಳು. ಮುದ್ರೆ ತಲೆಕೆಳಗಿರುವುದು ಗಂಡನ ಕಣ್ಣಿಗೆ ಬಿದ್ದಿತ್ತು. ಆದರೆ ಕಂಡದ್ದನ್ನು ನಂಬುವ ಅಧಿಕಾರ ಅವನಿಗಿರಲಿಲ್ಲ. ಅವಳಿಗೆ ಸಿಟ್ಟು ಬಂದದ್ದು ಕಳ್ಳನ ಮೇಲಲ್ಲ.

ಇತ್ತ ಮಹಾರಾಜರು ‘ಕಣಜ ಪುನರ್ಭರಣ ಅಭಿಯಾನ’ ಘೋಷಿಸಿದರು. ಪ್ರತಿ ಮನೆಯವರೂ ಬಿತ್ತನೆಗೆಂದು ಇಟ್ಟುಕೊಂಡ ರಾಗಿಯಲ್ಲಿ ಅರ್ಧವನ್ನು ಕಣಜಕ್ಕೆ ಸುರಿಯಬೇಕು. ಹದಿನೈದು ದಿನಕ್ಕೆ ಬಿತ್ತನೆ ಶುರುವಾದಾಗ ಹಿಂದಕ್ಕೆ ಕೊಡಲಾಗುವುದು. ಘೋಷವಾಕ್ಯ: ‘ನಿಮ್ಮ ಬೀಜ, ನಮ್ಮ ಬಾಗಿಲು’. ಜನ ಗೊಣಗುತ್ತಲೇ ತಂದು ಸುರಿದರು. ಮಂಚಮ್ಮನೂ ತನ್ನ ಮಡಕೆಯನ್ನು ಬಗ್ಗಿಸಿದಳು. ಈ ಸಲವೂ ಕಣಜ ಹೋದರೆ ರಾಜ್ಯದ ಅರ್ಧ ಹೊಲ ಬೀಳು ಬೀಳುತ್ತದೆಂದು ಲೆಕ್ಕ ಬಾರದ ಅವಳಿಗೂ ಗೊತ್ತಿತ್ತು.

ಅಂದಿನಿಂದ ಮಧ್ಯಾಹ್ನದ ಹೊತ್ತು ಕಣಜದ ಮೆಟ್ಟಿಲ ಮೇಲೆ ಅರಮನೆಯ ಆಳುಗಳು ಮುದ್ದೆ ಉಣ್ಣುತ್ತಾ ಕೂರತೊಡಗಿದರು. ಹೋಳಿಗೆ, ವೀಣೆ, ಪ್ರಮಾಣಪತ್ರ ಯಾವುದೂ ಇಲ್ಲದ ಕಾರ್ಯಾಗಾರ ಅದು.

“ಆತುರ ಮಾಡೋನ್ನ ಮೊದ್ಲು ಕೂರ್ಸಿ,” ಎನ್ನುತ್ತಿದ್ದಳು ಮಂಚಮ್ಮ. “ಆತುರ ಅವ್ನಿಗೆ, ನಮ್ಗಲ್ಲ. ಅಮಾತ್ಯರು ಕಳ್ಸವ್ರೆ ಅಂದ್ರೆ, ಅವ್ನ ಬಾಯ್ಮಾತು ಬ್ಯಾಡ. ನೀವೇ ಹೋಗಿ ಅಮಾತ್ಯರನ್ನ ಕೇಳ್ಕಬನ್ನಿ.”

“ಅಮಾತ್ಯರು ಮಲಗಿದ್ರೆ?” ಎಂದ ಮಡಿವಾಳರ ಹುಚ್ಚಯ್ಯ.

“ಅವ್ರು ಏಳೋಗಂಟ ಬಾಗ್ಲೂ ಮಲಗ್ಲಿ.”

“ಅಂಗಾದ್ರೆ ವರ್ಷಕ್ಕೊಂದಪ ತಗೀಬೌದು ಬುಡಕ್ಕ.”

ನಕ್ಕರು. ಆದರೂ ಕಲಿತರು. ನಾಲ್ಕೇ ದಿನದಲ್ಲಿ ಹುಚ್ಚಯ್ಯನಿಗೆ ನದಿಯ ದಂಡೆಯಲ್ಲಿ ಒಂದು ಚಂದದ ಪೆಟ್ಟಿಗೆ ಸಿಕ್ಕಿತು. ಮೇಲೆ ‘ಪಟ್ಟದರಸಿಯವರಿಗೆ ಉಚಿತ ಕಾಣಿಕೆ, ಅಂತಃಪುರದಲ್ಲೇ ತೆರೆಯಿರಿ’ ಎಂದು ಬರೆದಿತ್ತು. ಹಿಂದಾಗಿದ್ದರೆ ಹೊತ್ತು ಒಳಗೆ ತಲುಪಿಸಿ ಬರುತ್ತಿದ್ದ. ಈಗ ಬಿದ್ದು ಸಿಕ್ಕಿದ್ದನ್ನು ಒಳಗೆ ಒಯ್ಯಬಾರದೆಂದು ಗೊತ್ತಿತ್ತಾದ್ದರಿಂದ ಅದನ್ನು ಒಗೆಯುವ ಕಲ್ಲಿನ ಮೇಲಿಟ್ಟು, ನೆನೆದ ಕಂಬಳಿಯಿಂದ ಎರಡು ಬಾರಿಸಿದ. ಪೆಟ್ಟಿಗೆ ಸೀನಿತು. ಮೂರನೆಯ ಏಟಿಗೆ ಪೆಟ್ಟಿಗೆಯೊಳಗಿಂದ ಒಬ್ಬ ಆಸಾಮಿ ಹೊರಬಿದ್ದು, ಊರು ಬಿಟ್ಟು ಓಡಿದ.

ಗುಟ್ಟಿನ ಮಾತನ್ನು ಬದಲಿಸುವಂತಿರಲಿಲ್ಲ. ಹಾಗಾಗಿ ಮಂಚಮ್ಮ ಅದರ ಹಿಂದೆ ಇನ್ನೊಂದನ್ನು ಸೇರಿಸಿದಳು. ಬಂದವನು ಬಿರುದು ಹೇಳಿ ಮುಗಿಸಿದ ಮೇಲೆ, “ಇವತ್ತು ಆಳುಗಳ ಊಟಕ್ಕೆ ಏನು ಸಾರು?” ಎಂದು ಕೇಳುತ್ತಿದ್ದಳು. ಹುರುಳಿಕಾಳೋ, ಬಸ್ಸಾರೋ, ಉಪ್ಪೆಸರೋ, ದಿನಕ್ಕೊಂದು. ಅರಮನೆಯಲ್ಲಿ ನಿಜವಾಗಿ ದುಡಿಯುವವರಿಗೆ ಮಾತ್ರ ಗೊತ್ತಿರುವ ಗುಟ್ಟು. ಅದನ್ನು ಕೂಗಲು ಹೊಗಳುಭಟರಿರಲಿಲ್ಲ.

ಆ ಹೊತ್ತಿಗೆ ಕವಚಾನಂದರಿಗೆ ಹೊರನಾಡಿನಿಂದ ಒಂದು ಓಲೆ ಬಂತು. ‘ತಾವು ಅಖಿಲ ಭೂಮಂಡಲ ಭದ್ರತಾ ಶಿರೋಮಣಿ ಪ್ರಶಸ್ತಿಗೆ ಆಯ್ಕೆಯಾಗಿದ್ದೀರಿ. ಖಚಿತಪಡಿಸಿಕೊಳ್ಳಲು ಅರಮನೆಯ ಆನೆಯಿರುವ ತಮ್ಮ ಮುದ್ರೆಯುಂಗುರವನ್ನು ಮೇಣದಲ್ಲಿ ಒತ್ತಿ ಕಳುಹಿಸತಕ್ಕದ್ದು. ಅವಕಾಶ ಇಂದೇ ಕೊನೆ.’ ಬೀಗವಿದ್ಯೆಯಲ್ಲಿ ಏಳು ಪ್ರಮಾಣಪತ್ರ ಪಡೆದಿದ್ದ ಅಮಾತ್ಯರು ಒಂದು ಸಾಲದೇ ಹೋದೀತೆಂದು ನಾಲ್ಕು ಒತ್ತಿ ಕಳುಹಿಸಿದರು.

ಮರುವಾರ ಆಸ್ಥಾನದಲ್ಲಿ ಮಂಚಮ್ಮನ ವಿಚಾರಣೆ. ಅಮಾತ್ಯರ ಆಪ್ತಸಹಾಯಕ ಸಾರಿನ ಹೆಸರು ಗೊತ್ತಿಲ್ಲದೆ ಅರ್ಧ ದಿನ ಬಿಸಿಲಲ್ಲಿ ನಿಂತಿದ್ದನೆಂಬುದು ಆಪಾದನೆ.

“ಪರವಾನಗಿಯಿಲ್ಲದೆ ಬೀಗವಿದ್ಯೆ ಬೋಧಿಸುತ್ತೀಯಂತೆ?” ಎಂದು ಕವಚಾನಂದರು ಗುಡುಗಿದರು.

“ಇದ್ಯೆ ಗಿದ್ಯೆ ಇಲ್ಲ ಬುದ್ಧಿ. ಯಾರು ಏನು ಅಂತ ಕೇಳದು ಕಲ್ತಿದೀವಿ.”

“ಕೇಳುವುದೇ ತಪ್ಪು!”

ಅಷ್ಟರಲ್ಲಿ ಒಬ್ಬ ಪಟ್ಟೆಪೇಟದ ಗೃಹಸ್ಥ ನೇರವಾಗಿ ಸಭೆಯ ನಡುವೆ ಬಂದು ನಿಂತ. ಕೈಯಲ್ಲಿದ್ದ ಪತ್ರದ ಮೇಲೆ ಅರಮನೆಯ ಆನೆ ಈ ಸಲ ನಾಲ್ಕೂ ಕಾಲೂರಿ ನೆಟ್ಟಗೆ ನಿಂತಿತ್ತು.

“ಪ್ರಭೂ, ನಾನು ಅರ್ಗಳಾಚಾರ್ಯ. ತಮ್ಮ ಕಣಜವನ್ನು ಬರಿದು ಮಾಡಿದವನು ನಾನೇ.”

ಸಭೆಯೆಲ್ಲ ಅವನತ್ತ ತಿರುಗಿತು.

“ತಮ್ಮ ಭದ್ರತೆಯಲ್ಲಿ ಬಿರುಕಿದೆಯೆಂದು ಮಾತಿನಲ್ಲಿ ಹೇಳಿದರೆ ಯಾರು ನಂಬುತ್ತಿದ್ದರು? ಕೃತಿಯಲ್ಲಿ ತೋರಿಸಿದೆ. ಈ ಕ್ಷೇತ್ರದಲ್ಲಿ ನನಗಿರುವಷ್ಟು ಅನುಭವ ನಿಮ್ಮ ರಾಜ್ಯದಲ್ಲಿ ಯಾರಿಗಿದೆ?”

ಮಹಾರಾಜರು ಸಿಂಹಾಸನದಿಂದ ಮುಂದಕ್ಕೆ ಬಾಗಿದರು. “ಕವಚಾನಂದರೇ, ನಿಮಗಿದೆಯೇ?”

“ಇಲ್ಲ ಪ್ರಭೂ. ನಾನು ಇದುವರೆಗೆ ಒಂದು ಕಣಜವನ್ನೂ ಬರಿದು ಮಾಡಿಲ್ಲ,” ಎಂದು ಅಮಾತ್ಯರು ನಾಚಿದರು.

“ಬುದ್ಧಿ, ಇವ್ನೇ ಕದ್ದಿದ್ದು ಅಂತ ಇವ್ನೇ ಹೇಳ್ತಾವ್ನೆ!” ಎಂದಳು ಮಂಚಮ್ಮ. “ನನ್ ಗಂಡನ್ನ ಯಾಕೆ ಒಳಗಿಟ್ಟಿದೀರಿ?”

ಕವಚಾನಂದರು ಮಗುವಿಗೆ ತಿಳಿಹೇಳುವಂತೆ ನುಡಿದರು. “ನೋಡಮ್ಮ, ನಿನ್ನ ಗಂಡನದು ಕರ್ತವ್ಯಲೋಪ. ಇವರದು ಪ್ರಾತ್ಯಕ್ಷಿಕೆ.”

“ರಾಗಿ?”

“ಪ್ರಾತ್ಯಕ್ಷಿಕೆಯ ಸಂಭಾವನೆಯಲ್ಲಿ ಸೇರಿಹೋಯಿತು,” ಎಂದ ಅರ್ಗಳಾಚಾರ್ಯ.

ಅದೇ ದಿನ ಅವನಿಗೆ ಮಹಾಕವಾಟಾಧಿಪತಿಯ ಪಟ್ಟ ಕಟ್ಟಿದರು. ಬಂಗಾರದ ಬೀಗದಕೈಗಳನ್ನು ಹೆಣೆದು ಮಾಡಿದ ಕಿರೀಟ. ಅದರ ಖರ್ಚಿಗೆ ಮನೆಯ ಬಾಗಿಲಿಗೊಂದು ತೆರಿಗೆ. ಬಾಗಿಲೇ ಇಲ್ಲದ ಗುಡಿಸಲುಗಳು ರಾಜ್ಯದ ಭದ್ರತೆಗೆ ಅಪಾಯಕಾರಿಯಾದ್ದರಿಂದ ಅವುಗಳಿಗೆ ಎರಡು ಪಟ್ಟು. ಅಧಿಪತಿಯ ಮೊದಲ ಆಜ್ಞೆ: ಕಣಜದ ರಾಗಿಯನ್ನು ಯಾರಿಗೂ ತಿಳಿಯದ ಸುರಕ್ಷಿತ ತಾಣಕ್ಕೆ ಸಾಗಿಸತಕ್ಕದ್ದು. ತಾಣ ಎಲ್ಲಿದೆಯೆಂದು ಮಹಾರಾಜರೂ ಕೇಳಬಾರದು. ಸುರಕ್ಷಿತ ಎಂದರೆ ಹಾಗೆಯೇ. ಮಹಾರಾಜರು ಮೆಚ್ಚಿ ತಲೆದೂಗಿದರು.

ಮರುದಿನ ಮಧ್ಯಾಹ್ನ ನಲವತ್ತು ಗಾಡಿಗಳು ಕಣಜದ ಮುಂದೆ ಸಾಲುಗಟ್ಟಿದವು. ಹೊಗಳುಭಟರು, ಕಹಳೆ, ಬಿಳಿಕೊಡೆ, ಕೊಡೆಯ ಕೆಳಗೆ ಮಹಾರಾಜರು, ಪಕ್ಕದಲ್ಲಿ ಹೊಸ ಕಿರೀಟ. ದಾರಿಯ ಇಕ್ಕೆಲದಲ್ಲಿ ಜನ. ಆಕಾಶ ಮೋಡ ಕಟ್ಟುತ್ತಿತ್ತು. ಬಿತ್ತನೆಗೆ ಐದು ದಿನ ಉಳಿದಿತ್ತು.

ಮಂಚಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಮಹಾರಾಜರು ಮುಂದೆ ಬಂದು, ಎದೆಯುಬ್ಬಿಸಿ, ಸ್ವಮುಖದಿಂದ ಗುಟ್ಟಿನ ಮಾತನ್ನು ಉಚ್ಚರಿಸಿದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ಅದು ಬೀದಿ ಮಕ್ಕಳಿಗೂ ಗೊತ್ತು ಬುದ್ಧಿ. ಇವತ್ತು ಏನ್ ಸಾರು?”

ಪ್ರಭುಗಳು ಕವಚಾನಂದರತ್ತ ನೋಡಿದರು. ಅಮಾತ್ಯರು ಆಪ್ತಸಹಾಯಕನತ್ತ ನೋಡಿದರು. ಪಿಸುಪಿಸು ನಡೆಯಿತು. ಕೊನೆಗೆ ಮಹಾರಾಜರು ಅರೆಮನಸ್ಸಿನಿಂದ, “ಬಾದಾಮಿ ಪಾಯಸ?” ಎಂದರು.

ಜನರ ನಡುವೆ ಯಾರೋ ಗೊಳ್ಳೆಂದು ನಕ್ಕರು. ನಗು ಹಬ್ಬಿತು. ಅರ್ಗಳಾಚಾರ್ಯ ಮಾತ್ರ ನಗದೆ ಮಹಾರಾಜರ ಕಿವಿಯಲ್ಲಿ ಏನೋ ಹೇಳಿದ. ಪ್ರಭುಗಳ ಮುಖ ಅರಳಿತು.

“ಹೆಣ್ಣೇ, ನಾವು ದಯಾಳುಗಳು. ಬಾಗಿಲು ತೆಗೆ. ಹೊತ್ತು ಮುಳುಗುವುದರೊಳಗೆ ನಿನ್ನ ಗಂಡ ಮನೆಯಲ್ಲಿರುತ್ತಾನೆ. ತೆಗೆಯದಿದ್ದರೆ ಅವನಿರುವ ಕಡೆ ನಿನಗೂ ಜಾಗವಿದೆ.”

ನಗು ನಿಂತಿತು. ಮಂಚಮ್ಮನಿಗೆ ಕಿಂಡಿಯ ಸರಳು ಹಿಡಿದ ಗಂಡನ ಬೆರಳುಗಳು ಕಣ್ಣಿಗೆ ಕಟ್ಟಿದವು. ಮನೆಗೆ ಬಂದರೆ ಮೊದಲು ಬಿಸಿನೀರು ಕೇಳುತ್ತಾನೆ. ಬೆನ್ನ ಹಿಂದೆ, ಮರದ ಹಲಗೆಯ ಆಚೆ, ಊರೂರಿನ ಮಡಕೆಗಳ ರಾಗಿ ಇತ್ತು.

“ಬೇಗ ಹೇಳು, ಬೇಗ,” ಎಂದ ಅರ್ಗಳಾಚಾರ್ಯ.

ಅವಳು ಅವನ ಕಡೆ ತಿರುಗಲೂ ಇಲ್ಲ. ಮಹಾರಾಜರನ್ನೇ ನೋಡುತ್ತಾ ಹೇಳಿದಳು:

“ಅವ್ರನ್ನ ನೀವು ಬುಡ್ಬೇಕಾದ್ದು ಅವ್ರು ತಪ್ಪು ಮಾಡಿಲ್ಲ ಅಂತ ಬುದ್ಧಿ. ನಾನು ತಪ್ಪು ಮಾಡ್ತೀನಿ ಅಂತಲ್ಲ. ಬಾಗ್ಲು ತಗಿಯಾಕಿಲ್ಲ.”