ಗಂಗವ್ವನ ಎಮ್ಮೆ ಮತ್ತು ನನ್ನ ಕಾಲಂ

ಸೋಮಾರಿತನಕ್ಕೆ ವಿಜ್ಞಾನದ ಅಂಗಿ ತೊಡಿಸುವುದರಲ್ಲಿ ನನ್ನಷ್ಟು ಪಳಗಿದವರು ಹಾನಗಲ್ಲಿನಲ್ಲಿ ಇರಲಿಕ್ಕಿಲ್ಲ. ಎಂಬತ್ತರ ದಶಕದಲ್ಲಿ ಅಲ್ಲಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಊರವರ ಕಣ್ಣಿಗೆ ನಾನು ಅರ್ಧ ಡಾಕ್ಟರು. ಬಾವಿನೀರು, ಬೆಲ್ಲ, ಒಮ್ಮೆ ಶಿಗ್ಗಾಂವಿಯ ಬೀಗರ ಮನೆಯ ಉಪ್ಪಿನಕಾಯಿ ಕೂಡ ತಪಾಸಣೆಗೆಂದು ನನ್ನ ಮೇಜಿಗೆ ಬಂದದ್ದುಂಟು.

ಒಂದು ದಿನ ತಿಳವಳ್ಳಿಯ ಗಂಗವ್ವ ಹುಲ್ಲಿನ ಕಟ್ಟು ಹೊತ್ತು ಬಂದಳು. ಅವಳ ಎಮ್ಮೆ ಸತ್ತಿತ್ತು. ಆ ಹುಲ್ಲು ಕೊಯ್ದ ಬದುವಿಗೆ ಪಕ್ಕದ ಹೊಲದವರು ಕಳೆ ಸುಡುವ ಔಷಧ ಹೊಡೆದಿದ್ದರೆಂಬ ಗುಮಾನಿ.

"ಇದರಾಗ ವಿಷ ಐತೇನು ನೋಡಿ ಹೇಳ್ರಿ ಸರ. ಮನ್ಯಾಗ ಕರು ಒಂದ ಉಳದೈತಿ, ಅದಕ್ಕೂ ಇದ ಹುಲ್ಲು ಹಾಕಬೇಕು."

ಹುಲ್ಲಿನ ಹಸಿರು ರಸದಿಂದ ಔಷಧವನ್ನು ಬೇರ್ಪಡಿಸಲು ರಸವನ್ನು ಕಾಲಂನಲ್ಲಿ, ಅಂದರೆ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ, ಇಳಿಸಬೇಕು. ಇಳಿದ ಹನಿಗೆ ಇನ್ನೊಂದು ಪುಡಿ ಬೆರೆಸಿದಾಗ ನೀಲಿಯಾದರೆ ವಿಷ. ಸವಣೂರಿನ ಹುಸೇನಸಾಬ ನಮ್ಮ ಪ್ರಯೋಗಾಲಯದ ಹಳೆಯ ಸಹಾಯಕ. ಅವನೆಂದ: "ಆ ಔಷಧ ಉಪ್ಪಿನ ಜಾತೀದು ಸರ, ಅದರ ಕಣಕ್ಕ ವಿದ್ಯುತ್ತಿನ ಅಂಶ ಇರತೈತಿ. ಅಂಥಾದ್ದನ್ನ ಹಿಡಿಯೂ ರಾಳದ ಕಾಲಂ ಹಾಕ್ರಿ."

ರಾಳವನ್ನು ನೆನೆಸಬೇಕು, ಆಮ್ಲದಲ್ಲಿ ತೊಳೆಯಬೇಕು, ಮತ್ತೆ ನೀರಿನಲ್ಲಿ ತೊಳೆಯಬೇಕು. ಇಡೀ ದಿನದ ಕೆಲಸ. ಸಿಲಿಕಾ ಎಂಬ ಬಿಳಿ ಪುಡಿ ತುಂಬಿದ ಕಾಲಂ ಸಿದ್ಧವಾಗಿ ನಿಂತಿತ್ತು. ಸಿಲಿಕಾದ ಮಹಿಮೆಯ ಬಗ್ಗೆ ಹುಸೇನಸಾಬನಿಗೆ ಹತ್ತು ನಿಮಿಷ ಉಪನ್ಯಾಸ ಕೊಟ್ಟೆ. ಅವನು ಬೀಕರು ತೊಳೆಯತೊಡಗಿದ. ಹನಿಗಳು ಇಳಿದವು, ನೀಲಿಯಾಗಲಿಲ್ಲ.

"ವಿಷ ಇಲ್ಲ, ಹಾಕ್ರಿ," ಎಂದೆ. ಗಂಗವ್ವ ಕೈಮುಗಿದು ಹೋದಳು.

ವಾರದ ನಂತರ ಮತ್ತೆ ಬಂದಳು. "ಕರೂನೂ ಹೋತ್ರಿ ಸರ," ಎಂದಳು. ಜಗಳವಿಲ್ಲ, ಅಳುವಿಲ್ಲ. "ನೀವು ಹೇಳಿದ್ರಿ ಅಂತ ಹೊಲದವರ ಮನಿಗೆ ಹೋಗಿ, ಸಂಶೇ ಪಟ್ಟಿದ್ದು ತಪ್ಪಾತು ಅಂತ ಹೇಳಿ ಬಂದಿದ್ದೆ."

ಅವಳು ಹೋದ ಮೇಲೆ, ಉಳಿದಿದ್ದ ಹುಲ್ಲಿನ ರಸವನ್ನು ಹುಸೇನಸಾಬ ತಾನೇ ರಾಳದ ಕಾಲಂಗೆ ಹೊಯ್ದು, ರಾಳ ಹಿಡಿದಿಟ್ಟದ್ದನ್ನು ಉಪ್ಪುನೀರಿನಿಂದ ಕೆಳಗಿಳಿಸಿದ. ಹನಿ ಕಡುನೀಲಿಯಾಯಿತು. ನನ್ನ ಕಾಲಂನಲ್ಲಿ ವಿಷ ಸಿಲಿಕಾವನ್ನು ತಬ್ಬಿಕೊಂಡು ಮೇಲೆಯೇ ಕುಳಿತಿತ್ತು, ಕೆಳಗೆ ಇಳಿದೇ ಇರಲಿಲ್ಲ. ಹುಸೇನಸಾಬ ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಮರುದಿನ ತಿಳವಳ್ಳಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ತಪ್ಪೊಪ್ಪಿಗೆಯ ಮಾತು ಜೋಡಿಸಿದೆ. ಅದರಲ್ಲೂ ಸಿಲಿಕಾ ಮತ್ತು ರಾಳದ ವ್ಯತ್ಯಾಸವೇ ಮುಕ್ಕಾಲು ಪಾಲು ತುಂಬಿಕೊಂಡಿತು. ಅವಳ ಹೊಸ್ತಿಲಲ್ಲಿ ಎಲ್ಲ ಮರೆತು, "ಹುಲ್ಲಾಗ ವಿಷ ಇತ್ತವ್ವ. ತಪ್ಪು ನಂದು," ಎಂದಷ್ಟೇ ಹೇಳಿದೆ.

ಗಂಗವ್ವ ಮೇವು ಹಾಕುವ ಖಾಲಿ ಗೋದಲಿಯ ಕಡೆ ನೋಡಿದಳು. ಆಮೇಲೆ, "ಬಿಸಲಾಗ ಬಂದೀರಿ, ಕೂಡ್ರಿ. ಚಾ ಮಾಡ್ತೇನಿ. ಹಾಲಿಲ್ಲ, ಕರೀ ಚಾ ನಡೀತೈತೇನ್ರಿ?" ಎಂದಳು.

ನಡೆಯುತ್ತದೆ ಎಂದೆ. ಎಂ.ಎಸ್‌ಸಿ. ಮಾಡಿದವನಿಗೆ ಬೇರೆ ಉತ್ತರ ಹೊಳೆಯಲಿಲ್ಲ.