ಭಾವನಿಗೆ ಒಯ್ದ ಮೋಟಾರ್‌ಸೈಕಲ್

ಕಾಯಿಲೆಯವರನ್ನು ನೋಡಲು ಹೋಗುವವರು ಮೂಸಂಬಿ ಒಯ್ಯುತ್ತಾರೆ, ಬ್ರೆಡ್ಡು ಒಯ್ಯುತ್ತಾರೆ, ಏನೂ ಹೊಳೆಯದವರು ಎಳನೀರು ಒಯ್ಯುತ್ತಾರೆ. ಮೋಟಾರ್‌ಸೈಕಲ್ ಅಪಘಾತದಲ್ಲಿ ಕಾಲು ಕಳೆದುಕೊಂಡವನಿಗೆ ಮೋಟಾರ್‌ಸೈಕಲ್ಲನ್ನೇ ಒಯ್ದವನು ನಮ್ಮ ಜಿಲ್ಲೆಯಲ್ಲಿ ಬಹುಶಃ ನಾನೊಬ್ಬನೇ. ಅದು ಅಂಗೈಗಿಂತ ತುಸು ಉದ್ದದ, ಬಿಡಿಬಿಡಿಯಾಗಿ ಡಬ್ಬಿಯಲ್ಲಿ ಬರುವ, ನಾವೇ ಜೋಡಿಸಿಕೊಳ್ಳಬೇಕಾದ ಪ್ಲಾಸ್ಟಿಕ್ ಮಾದರಿ ಎಂದು ಹೇಳಿದರೆ ನನ್ನ ಅಪರಾಧ ನಿಮ್ಮ ಕಣ್ಣಿಗೆ ಸ್ವಲ್ಪ ಚಿಕ್ಕದಾಗಿ ಕಂಡೀತು. ನನ್ನ ತಂಗಿಯ ಕಣ್ಣಿಗೆ ಮಾತ್ರ ಹಾಗೆ ಕಾಣಲಿಲ್ಲ.

ತಂಗಿ ನಾಗವೇಣಿಯನ್ನು ಅಂಕೋಲೆಯ ಪಕ್ಕದ ಕೇಣಿಗೆ ಕೊಟ್ಟಿದ್ದೇವೆ. ಗಂಡ ಮಂಜುನಾಥನದು ಮೀನಿನ ವ್ಯಾಪಾರ. ನಮ್ಮದೂ ಮೀನು ಹಿಡಿಯುವ ಮನೆಯೇ. ದೋಣಿ ಹತ್ತಿದರೆ ವಾಂತಿ ಮಾಡಿಕೊಳ್ಳುತ್ತಿದ್ದ ನಾನೊಬ್ಬ ಕಾರವಾರದಲ್ಲಿ ಗುಮಾಸ್ತನಾಗಿ ಶಿರವಾಡದಲ್ಲಿ ಮನೆ ಮಾಡಿದೆ. ಮಂಜುನಾಥ ದಿನಾ ನಸುಕಿಗೆ ಬೈಕಿನ ಹಿಂದೆ ಬರ್ಫದ ಪೆಟ್ಟಿಗೆ ಕಟ್ಟಿಕೊಂಡು ಯಲ್ಲಾಪುರದ ದಿಕ್ಕಿನ ಊರುಗಳಿಗೆ ಬಂಗಡೆ, ತಾರ್ಲೆ ಒಯ್ಯುತ್ತಿದ್ದ. ಆ ರಸ್ತೆಯಲ್ಲಿ ಅದಿರು ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ವರ್ಷಗಳವು. ಅಂಥದೊಂದು ಲಾರಿ ತಿರುವಿನಲ್ಲಿ ಅವನನ್ನು ಸವರಿಕೊಂಡು ಹೋಯಿತು. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಮನೆಗೆ ಬಂದವನು ಗೋಡೆಗೆ ಮುಖ ಮಾಡಿ ಮಲಗಿದ. ಮಾತು ಬಿಟ್ಟ. ಊರುಗೋಲು ಹಿಡಿದು ಹಿತ್ತಿಲಿಗೆ ಹೋಗಿ ಬರುವುದು ಬಿಟ್ಟರೆ ಮಂಚ ಇಳಿಯುತ್ತಿರಲಿಲ್ಲ. ಕೃತಕ ಕಾಲಿಗೆ ಅಳತೆ ಕೊಟ್ಟು ಬರೋಣವೆಂದರೆ ಕೇಳಿಸದವನಂತೆ ಇದ್ದುಬಿಡುತ್ತಿದ್ದ. ಒಂದು ದಿನ ನೋಡುತ್ತೇನೆ, ಹಿತ್ತಿಲಿನ ಬಾವಿಗೆ ಕೊಡ ಇಳಿಯುವಷ್ಟು ಮಾತ್ರ ಜಾಗ ಬಿಟ್ಟು ಹಳೆಯ ಬಲೆ ಬಿಗಿದಿದೆ. ಎಲೆ ಬೀಳಬಾರದೆಂದು ಕಟ್ಟಿದೆಯಾ ಎಂದು ತಂಗಿಯನ್ನು ಕೇಳಿದೆ.

"ಎಲೆಗೆ ಯಾರು ಇಷ್ಟು ಬಿಗಿ ಕಟ್ತಾರೆ ಅಣ್ಣಾ?" ಎಂದಳು.

ಕೈಗೆ ಕೆಲಸ ಕೊಟ್ಟರೆ ಮನಸ್ಸು ತಾನೇ ಹಿಂದೆ ಬರುತ್ತದೆ ಎಂದು ಕಚೇರಿಯ ಸಹೋದ್ಯೋಗಿಯೊಬ್ಬರು ಹೇಳಿದ್ದೇ ನೆಪವಾಗಿ ನಾನು ಮಡಗಾಂವಿಗೆ ಹೋಗಿ ಡಬ್ಬಿ ತಂದೆ. ಅಂಗಡಿಯಲ್ಲಿ ವಿಮಾನವಿತ್ತು, ಹಡಗಿತ್ತು. ಮೋಟಾರ್‌ಸೈಕಲ್ ಒಂದೇ ಉಳಿದಿತ್ತೆಂದು ತಂಗಿಗೆ ಹೇಳಿದೆ; ನಿಜವೆಂದರೆ ಡಬ್ಬಿಯ ಮೇಲಿನ ಕೆಂಪು ಗಾಡಿ ನನಗೇ ಇಷ್ಟವಾಗಿತ್ತು. ನಾಗವೇಣಿ ಅದನ್ನು ಸೆರಗಿನಲ್ಲಿ ಮುಚ್ಚಿ ಅಡುಗೆಮನೆಗೆ ಒಯ್ದು, ತಲೆ ಸರಿ ಇದೆಯೋ ಇಲ್ಲವೋ ಎಂದು ತಗ್ಗಿದ ದನಿಯಲ್ಲಿ ಬೈದಳು. ಅಷ್ಟರಲ್ಲಿ ಮಂಜುನಾಥ ನೋಡಿಬಿಟ್ಟಿದ್ದ. ನೋಡಿ, ಮತ್ತೆ ಗೋಡೆಗೆ ತಿರುಗಿದ.

ತಂದಾಗಿದೆಯಲ್ಲ ಎಂದು ನಾನೇ ಅವನ ಮಂಚದ ಪಕ್ಕ ಕಾಗದ ಹಾಸಿ ಕೂತೆ. ಭಾನುವಾರ ಬಂದರೆ ಬಸ್ಸು ಹತ್ತಿ ಕೇಣಿಗೆ ಹೋಗುವುದು, ಜೋಡಿಸುವುದು. ನನ್ನದೋ, ಬಲ್ಬು ಬದಲಿಸಲು ಹೋಗಿ ಹೋಲ್ಡರನ್ನೇ ಕಿತ್ತುಕೊಂಡು ಬಂದ ಕೈ. ಅಂಟು ಬೆರಳಿಗೆ ಹತ್ತಿತು, ಬೆರಳಿಗೆ ಹ್ಯಾಂಡಲ್ ಹತ್ತಿತು. ಎರಡು ಹೋಳಾಗಿ ಬರುವ ಪೆಟ್ರೋಲ್ ಟ್ಯಾಂಕನ್ನು ಕೂಡಿಸಿದರೆ ನಡುವೆ ಇರುವೆ ನುಗ್ಗುವಷ್ಟು ಸಂದಿ. ಆ ಕೋಣೆಯ ಮೌನ ತಡೆಯಲಾರದೆ ನಾನು ಮಾತಾಡುತ್ತಲೇ ಇದ್ದೆ: ಕೈತಪ್ಪಿದ ಪ್ರಮೋಶನ್ನು, ಶಿರವಾಡದ ನಲ್ಲಿ ನೀರು, ನನ್ನ ಪಿತ್ತ. ಹೀಗಿರುವಾಗ ಒಮ್ಮೆ ಸೈಡ್ ಸ್ಟ್ಯಾಂಡು ಸಿಡಿದು ಮಂಚದ ಕೆಳಗೆ ಹೋಯಿತು. ಬಗ್ಗಿದೆ, ಹೊಟ್ಟೆ ಬಿಡಲಿಲ್ಲ. ಪೊರಕೆ ಹುಡುಕಿ ತರುವಷ್ಟರಲ್ಲಿ ಮಂಜುನಾಥ ಮಂಚ ಇಳಿದು, ಮೊಣಕೈಯೂರಿ ತೆವಳಿ, ಅದನ್ನು ಹೊರಗೆ ತೆಗೆದಿದ್ದ. ನೆಲದಲ್ಲೇ ಒರಗಿ ಕೂತು, "ಕೊಡಿ ಇಲ್ಲಿ ಭಾವ," ಎಂದ.

ಬಾಗಿಲಲ್ಲಿದ್ದ ನಾಗವೇಣಿ ಒಳಗೆ ಹೋದಳು. ಪಾತ್ರೆ ತೊಳೆಯುವ ಸದ್ದು ಬಹಳ ಹೊತ್ತು ಬರುತ್ತಿತ್ತು. ಆಗಲೇ ತೊಳೆದಾಗಿದ್ದ ಪಾತ್ರೆಗಳವು.

ಅವನ ಕೈಯೂ ನನ್ನ ಕೈಗಿಂತ ಹೆಚ್ಚಿನದೇನಲ್ಲ. ಸಂದಿಗೆ ಪುಟ್ಟಿ ತುಂಬಿದೆವು, ಒಣಗಿ ಬಿರಿಯಿತು. ಮತ್ತೆ ತುಂಬಿ ಪಾಲಿಶ್ ಪೇಪರಿನಿಂದ ಉಜ್ಜಿದೆವು. ಟ್ಯಾಂಕಿನ ಒಂದು ಕೆನ್ನೆ ಚಪ್ಪಟೆಯಾಯಿತು. ಅವನ ಅಪ್ಪ ದೋಣಿಯ ಹಲಗೆಗಳ ಸಂದಿಗೆ ಹತ್ತಿ ತುರುಕಿ ರಾಳ ಹಚ್ಚುತ್ತಿದ್ದರಂತೆ. ಅದನ್ನೂ ಮಾಡಿದೆವು, ಟ್ಯಾಂಕಿಗೆ ಗಡ್ಡ ಬಂತು. ಮಂಜುನಾಥ ನಕ್ಕ. ನಗುತ್ತಾ ನಗುತ್ತಾ ಅವನ ಮುಖ ಕಿವುಚಿಕೊಂಡಿತು.

"ನನ್ನ ಕಾಲು ಎಲ್ಲಿ ಹಾಕಿದ್ರು ಭಾವ? ಯಾರಿಗೂ ಕೇಳೂಕೆ ಆಗ್ಲಿಲ್ಲ," ಎಂದ.

ನನಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಅದನ್ನು ಬಟ್ಟೆ ಸುತ್ತಿ ನನ್ನ ಕೈಗೇ ಕೊಟ್ಟಿದ್ದರು. ಕೇಣಿಯ ಸ್ಮಶಾನದ ಅಂಚಿನಲ್ಲಿ, ಗಾಳಿಮರದ ಬುಡದಲ್ಲಿ ಹೂತು ಬಂದಿದ್ದೆ. ತೊಡೆಯ ಮೇಲಿಟ್ಟುಕೊಂಡು ರಿಕ್ಷಾದಲ್ಲಿ ಬರುವಾಗ ಅದರ ಭಾರಕ್ಕೆ ನನ್ನ ಕಾಲು ಜೋಮು ಹಿಡಿದಿತ್ತು. ಅಷ್ಟು ಭಾನುವಾರ ಏನೇನೋ ಹರಟಿದ ಬಾಯಿಗೆ ಇದೊಂದು ಬಂದಿರಲಿಲ್ಲ. ಈಗ ಹೇಳಿದೆ. ತೋರಿಸಿ ಎಂದ. ರಿಕ್ಷಾ ಕರೆದು ಹೋದೆವು. ಊರುಗೋಲಿನ ಮೇಲೆ ವಾಲಿಕೊಂಡು ಆ ಮಣ್ಣನ್ನೇ ನೋಡುತ್ತಾ ನಿಂತ.

"ಮಳೆಗಾಲದಲ್ಲಿ ಅಲೆ ಬರೂದಿಲ್ಲಲ್ಲ ಇಲ್ಲಿಗೆ?"

ಬರುವುದಿಲ್ಲ ಎಂದೆ.

"ಹಂಗಾರೆ ಇರ್ಲಿ," ಎಂದ.

ಕೆಲವು ದಿನಗಳ ನಂತರ ತಾನಾಗಿಯೇ ಕಾಲಿನ ಅಳತೆಗೆ ಹೊರಟ. ಬೈಕು ಹತ್ತುವುದು ಮುಗಿಯಿತು; ಈಗ ಅಂಕೋಲೆಯ ಮೀನು ಪೇಟೆಯಲ್ಲಿ ಕುಳಿತು ವ್ಯಾಪಾರ ಮಾಡುತ್ತಾನೆ. ಕೆಲವು ದಿನ ಈಗಲೂ ಗೋಡೆಗೆ ತಿರುಗಿ ಮಲಗುತ್ತಾನಂತೆ. ಮಾದರಿಗೆ ಕೊನೆಗೂ ಕೆಂಪು ಬಣ್ಣ ಬಳಿದ, ನಾನು ಇಲ್ಲದ ವಾರದಲ್ಲಿ, ಅವಸರವಾಗಿ. ಸಂದಿ ಹಾಗೇ ಕಾಣುತ್ತದೆ.

ಇವನನ್ನು ಮಂಚದಿಂದ ಇಳಿಸಿದವನು ನಾನು ಎಂದು ಕಚೇರಿಯಲ್ಲಿ ಸಾಕಷ್ಟು ಹೇಳಿಕೊಂಡ ಮೇಲೆ ಒಮ್ಮೆ ತಂಗಿಯ ಎದುರೂ ಆ ಮಾತು ತೆಗೆದೆ. ಅವಳು ಸೆರಗು ಬಾಯಿಗೆ ಹಿಡಿದಳು. "ಇವ್ರು ಎಂತ ಹೇಳ್ತಿದ್ರು ಗೊತ್ತಾ ಅಣ್ಣಾ? ಇದೊಂದು ಗಾಡಿ ಮುಗಿದ್ರೆ ನಿನ್ನ ಅಣ್ಣ ಆಯ್ತವಾರ ಬರೂದು ನಿಲ್ಲಿಸ್ತಾರೆ, ಮಾತು ಕೇಳಿ ಕೇಳಿ ಸಾಕಾಯ್ತು ಅಂತ."

ಬಸ್ಸಿನಲ್ಲಿ ಬಿಣಗಾ ಘಟ್ಟ ದಾಟುವವರೆಗೂ ನನಗೆ ಬೇಸರವಿತ್ತು. ಇಳಿಜಾರಿನಲ್ಲಿ ಕಡಲು ಕಂಡಾಗ ಹೊಳೆಯಿತು: ತಿಂಗಳುಗಟ್ಟಲೆ ಏನೂ ಬೇಡವೆಂದು ಮಲಗಿದ್ದವನಿಗೆ ಮೊದಲು ಬೇಕೆನಿಸಿದ್ದು ನಾನು ತೊಲಗುವುದು. ಆ ಸಂತೋಷ ತಡೆಯಲಾರದೆ ಮುಂದಿನ ಭಾನುವಾರವೂ ಹೋದೆ.