ಗೋಲು ಹೊಡೆದವನ ಸಂಜೆ

ಜನವರಿಯ ಚಳಿ. ಶನಿವಾರ ಸಂಜೆ ನಾಲ್ಕೂವರೆ ಇರಬೇಕು, ಆಗಲೇ ಕತ್ತಲು ಇಳಿಯುತ್ತಿತ್ತು. ರೆಫರಿ ಇನ್ನೇನು ಆಟ ಮುಗಿಸುವ ಸೀಟಿ ಬಾಯಿಗಿಡಬೇಕು, ಅಷ್ಟರಲ್ಲಿ ಕಲ್ಲಿನಷ್ಟು ಭಾರವಾಗಿದ್ದ ಒದ್ದೆ ಚೆಂಡು ಸೆಪ್ಟಿಮಸ್ ರೇನ್‌ನ ಮೊಣಕಾಲಿಗೆ ಬಡಿದು ಎದುರಾಳಿಗಳ ಗೋಲಿನೊಳಗೆ ಉರುಳಿತು. ಅವನು ಹೊಡೆದದ್ದಲ್ಲ, ತಪ್ಪಿಸಿಕೊಳ್ಳಲು ತಿರುಗಿದ್ದ.

ಮಹಾಯುದ್ಧ ಮುಗಿದ ಮೇಲೆ ಆ ಗಣಿಯೂರು ಪಕ್ಕದೂರನ್ನು ಫುಟ್‌ಬಾಲಿನಲ್ಲಿ ಒಮ್ಮೆಯೂ ಸೋಲಿಸಿರಲಿಲ್ಲ. ಜನ ಅವನನ್ನು ಕೆಸರು ಚಡ್ಡಿಯಲ್ಲೇ ಹೆಗಲಿಗೇರಿಸಿಕೊಂಡರು.

"ಇಳಿಸ್ರಪ್ಪಾ, ಆರು ಗಂಟೆ ರೈಲು ಹೊರಡೋದ್ರೊಳಗೆ ಸ್ಟೇಷನ್ನಿಗೆ ಹೋಗ್ಬೇಕು."

ಊರು ಬಿಡುವವನು ಅವನಲ್ಲ, ಹಿಲ್ಡಾ. ಲಂಡನ್ನಿನ ಯಾವುದೋ ದೊಡ್ಡ ಮನೆಯ ಕೆಲಸಕ್ಕೆ ಹೊರಟಿದ್ದಳು. "ಹೇಳೋದೇನಾದ್ರೂ ಇದ್ರೆ ಅಷ್ಟರೊಳಗೆ ಬಂದು ಹೇಳು ಸೆಪ್," ಎಂದಿದ್ದಳು. ಮದುವೆಯಾಗ್ತೀಯಾ ಎಂಬ ಒಂದು ಮಾತನ್ನು ಅವನು ಎರಡು ವರ್ಷದಿಂದ ಬಾಯಲ್ಲೇ ಇಟ್ಟುಕೊಂಡಿದ್ದ.

"ರೈಲು ಹಾಳಾಗ್ಲಿ," ಎಂದ ಮಾಂಸದಂಗಡಿಯ ಆರ್ಡ್. "ಊರಿನ ಮಾನ ಉಳಿಸ್ದೆ ಮಾರಾಯ."

ಸೆಪ್ ಹವ್ಯಾಸಿ ಆಟಗಾರ. ಬೆಳಗ್ಗೆ ಬೂಟು ಹೊಲಿದು ಮಧ್ಯಾಹ್ನ ಆಡುವವನು. ಆಟಕ್ಕೆಂದು ಒಂದು ಪೆನ್ನಿ ಮುಟ್ಟಿದರೂ ತಂಡದಿಂದ ಹೊರಗೆ. ದುಡ್ಡು ಕೊಡುವ ಹಾಗಿದ್ದರೆ ಕೈಗಿಟ್ಟು ಬಿಟ್ಟುಬಿಡುತ್ತಿದ್ದರು. ಅದಾಗದ್ದರಿಂದ ಉಪಕಾರವನ್ನೆಲ್ಲ ಪದಾರ್ಥದಲ್ಲೂ ಮಾತಿನಲ್ಲೂ ತೀರಿಸತೊಡಗಿದರು.

ಆರ್ಡ್ ಹಂದಿಮಾಂಸ ತುಂಬಿ ಬೇಯಿಸಿದ ಪೈ ಕೊಟ್ಟು, ಕಣ್ಣೆದುರೇ ತಿನ್ನಬೇಕೆಂದು ಹಟ ಹಿಡಿದ. ಪಾರಿವಾಳ ಸಾಕುವ ಜಾಬ್ಲಿಂಗ್, "ಹೊಸ ಮರಿಗೆ ನಿನ್ನ ಹೆಸರೇ ಇಟ್ಟೆ ಮಗಾ, ಮುಖ ನೋಡ್ಕೊಂಡು ಹೋಗು," ಎಂದು ಗೂಡಿಗೆ ಎಳೆದೊಯ್ದ. ವಿಧವೆ ಟ್ವೆಡಲ್ ಈರುಳ್ಳಿ ಜಾತಿಯ ಲೀಕ್ ಸೊಪ್ಪನ್ನು ಒಂದು ಹೊರೆ ಹೊರಿಸಿ, "ನಮ್ಮೆಜಮಾನ್ರು ಇದ್ದಿದ್ರೆ ಇವತ್ತು ಕುಣೀತಿದ್ರು," ಎಂದು ಅವನ ಹೆಗಲಿಗೊರಗಿ ಅಳತೊಡಗಿದಳು. ಅಳುವವಳನ್ನು ಬಿಟ್ಟು ಓಡುವುದು ಹೇಗೆ? ಅಷ್ಟೊಂದು ಜನ ತನ್ನ ಹೆಸರು ಹಿಡಿದು ಕರೆದದ್ದು ಸೆಪ್‌ಗೂ ಅದೇ ಮೊದಲು. ಅವನ ಕಣ್ಣೂ ತುಂಬಿತ್ತು.

ಕಡೆಗೆ ಊರ ಬ್ಯಾಂಡೇ ಸ್ಟೇಷನ್ನಿನವರೆಗೆ ಬಿಟ್ಟುಬರಲು ಹೊರಟಿತು. ಅವರಿಗೆ ಬರುತ್ತಿದ್ದದ್ದು ಶವಯಾತ್ರೆಯ ನಿಧಾನ ಧಾಟಿ ಒಂದೇ. ಮೆರವಣಿಗೆ ಅದೇ ವೇಗದಲ್ಲಿ ಸಾಗಿತು.

ತಲುಪಿದಾಗ ರೈಲು ಇನ್ನೂ ನಿಂತಿತ್ತು. ಕಿಟಕಿಯಲ್ಲಿ ಹಿಲ್ಡಾ. ಸೆಪ್ ಎರಡು ವರ್ಷದ ಮಾತನ್ನು ಒಂದೇ ಉಸಿರಿಗೆ ಹೇಳಿಬಿಟ್ಟ.

"ಅಯ್ಯೋ ಸೆಪ್," ಎಂದಳು ಅವಳು. "ಐದು ಗಂಟೆಯಿಂದ ದಾರಿ ನೋಡ್ತಾ ಕೂತಿದ್ದೆ. ಈಗಷ್ಟೇ ಇವ್ರೂ ಇದನ್ನೇ ಕೇಳಿದ್ರು. ಹೂಂ ಅಂದ್ಬಿಟ್ಟೆ."

ಅವಳ ಹಿಂದಿನಿಂದ ಒಂದು ತಲೆ ಹೊರಬಂತು. ಪಕ್ಕದೂರಿನ ಗೋಲ್‌ಕೀಪರ್ ಏಮಸ್. ಅವಳ ಕರ್ಚೀಫಿನಿಂದ ಕಣ್ಣೊರೆಸಿಕೊಂಡು, ಕೈಚಾಚಿ ಸೆಪ್‌ನ ಕೈ ಹಿಡಿದ.

"ನಿನ್ನ ಉಪಕಾರ ಸಾಯೋವರ್ಗೂ ಮರೆಯಲ್ಲ ಅಣ್ಣಾ. ಗೆದ್ದಿದ್ರೆ ನಮ್ಮ ಹುಡುಗ್ರ ಜೊತೆ ಕುಡೀತಾ ಇರ್ತಿದ್ದೆ. ಸೋತೋನನ್ನ ಒಬ್ರೂ ಮಾತಾಡಿಸ್ಲಿಲ್ಲ ನೋಡು, ಮನೆ ರೈಲು ಹಿಡಿಯೋಕೆ ಸೀದಾ ಇಲ್ಲಿಗೆ ಬಂದೆ. ಅಳ್ತಾ ಕೂತಿದ್ದೋನನ್ನ ಮಾತಾಡಿಸ್ದೋಳು ಇವಳೊಬ್ಬಳೇ."

ಗಾರ್ಡು ಹಸಿರು ದೀಪ ಎತ್ತಿದ. ಲಂಡನ್ನಿಗೆ ಟಿಕೆಟ್ ತೆಗೆದಿದ್ದ ಹಿಲ್ಡಾ, ಏಮಸ್‌ನ ತಾಯಿಯನ್ನು ನೋಡಲು ಮುಂದಿನ ಸ್ಟೇಷನ್ನಿನಲ್ಲೇ ಇಳಿದಳಂತೆ. ಹಾಗೆ, ಊರೆಲ್ಲ ಸೆಪ್‌ನನ್ನು ಹರಸುತ್ತಿದ್ದ ಆ ಶನಿವಾರವೇ ಅವಳು ಹೊರಟುಹೋದಳು.